ಹುನರ್

ಜೊತೆಯವರೆಲ್ಲ ಸಮರ್‌ಖಂದದ ರೈಲು ಹಿಡಿದರು
ನೀಲಿ ಗುಮ್ಮಟಗಳ ಮುಂದೆ ನಿಂತು ಪಟ ತೆಗೆಸಿಕೊಳ್ಳಲು.
ನಾನು ಮಾರ್ಗಿಲಾನಿನಲ್ಲೇ ಉಳಿದೆ.
ಕಲೆಯ ಮೇಲಿನ ಪ್ರೀತಿಯಿಂದಲ್ಲ, ಸುಳ್ಳೇಕೆ,
ಹಿಂದಿನ ರಾತ್ರಿಯ ಪಲಾವು ಹೊಟ್ಟೆಯಲ್ಲಿ
ಇನ್ನೂ ತಕರಾರು ತೆಗೆಯುತ್ತಿತ್ತು.

ಮನೆಯೊಡತಿ ದಾಳಿಂಬೆ ಸಿಪ್ಪೆಯ ಕಷಾಯ ಕೊಟ್ಟಳು.
ಮುಖ ಕಿವುಚಿ ಕುಡಿದು ಮುಗಿಸಿದ ಮೇಲೆ ಹೇಳಿದಳು:
ಇದೇ ಸಿಪ್ಪೆ ಬೇಯಿಸಿ ನಮ್ಮ ಮಾವ
ರೇಷ್ಮೆಗೆ ಹಳದಿ ಹಾಕುತ್ತಾರೆ, ಹೋಗಿ ನೋಡು.

ಅವಳ ಮಗಳು ಹುಲ್ಕರ್ ದಾರಿ ತೋರಿಸಿದಳು.
ಹೆಸರಿನ ಅರ್ಥವೇನೆಂದೆ. ಆಕಾಶಕ್ಕೆ ಬೆರಳು ನೀಡಿ
ಒತ್ತೊತ್ತಾಗಿ ಆರೇಳು ಚುಕ್ಕಿ ಇಟ್ಟಳು.
ಓ, ಕೃತ್ತಿಕೆ!
ಹಾಡುಹಗಲಲ್ಲಿ, ಹಿಪ್ಪುನೇರಳೆ ಮರದ ಕೆಳಗೆ
ಕಾಣದ ನಕ್ಷತ್ರ ನೋಡಿ ಇಬ್ಬರೂ ತಲೆಯಾಡಿಸಿದೆವು.

ಎರ್ಗಶ್ ಅಜ್ಜನ ಅಂಗಳದಲ್ಲಿ ಹೊಗೆ, ಹುಳು ಬೆಂದ ವಾಸನೆ.
ಚೌಕಟ್ಟಿಗೆ ಬಿಗಿದ ಬಿಳಿಯ ಎಳೆಗಳು,
ಹಾಸು ಇದೆ, ಹೊಕ್ಕು ಇನ್ನೂ ಬಂದಿಲ್ಲ.
ಅದರ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದ,
ಬಟ್ಟೆಯೇ ಇಲ್ಲದ ಕಡೆ ಬಟ್ಟೆಯ ಚಿತ್ರ.
ಗೆರೆ ಬಿದ್ದಲ್ಲಿ ಕಟ್ಟು. ಕಟ್ಟಿದ್ದು ಬಣ್ಣ ಕುಡಿಯುವುದಿಲ್ಲ.
ಬಿಚ್ಚು, ಬೇರೆ ಕಡೆ ಕಟ್ಟು, ಮತ್ತೆ ಅದ್ದು.
ಈ ಕೆಲಸಕ್ಕೆ ಅವರು ಕರೆಯುವುದು: ಮೋಡ ಕಟ್ಟುವುದು.
ಎಷ್ಟು ಬಿಗಿದರೂ ಬಣ್ಣ ತುಸು ಒಸರುತ್ತದೆ.
ಕೆಂಪು ಎಲ್ಲಿ ಮುಗಿಯಿತು, ಹಳದಿ ಎಲ್ಲಿ ಮೊದಲಾಯಿತು
ಅಜ್ಜನಿಗೂ ಗೊತ್ತಿಲ್ಲ.

ಅಂಚು ಕದಡಿದೆಯಲ್ಲ, ತಪ್ಪಲ್ಲವೇ? ಕೇಳಿದೆ.
ಹುಲ್ಕರ್ ಅದನ್ನು ತನ್ನ ಮಾತಿಗೆ ದಾಟಿಸುವಾಗ
ಮೆತ್ತಗೆ ಮಾಡಿರಬೇಕು, ಅಜ್ಜ ನಕ್ಕ:
ಮೋಡಕ್ಕೆ ಅಂಚು ಹೊಲಿದವರನ್ನು ನೋಡಿದ್ದೀಯಾ?

ಚಹಾ ಬಂತು. ಹಿಂದೆಯೇ ಪದಗಳು ಬಂದವು.
ಅವನ ರೋಮೋಲ್, ನನ್ನ ರುಮಾಲು.
ಅವನ ತರೋಜಿ, ನನ್ನ ತರಾಸು.
ತಟ್ಟೆಯಲ್ಲಿದ್ದದ್ದು ಬೋದೋಮ್, ಬಾಯಿಗೆ ಹಾಕಿಕೊಂಡದ್ದು ಬಾದಾಮಿ.
ಯಾವುದೋ ಹಳೆಯ ಸಂತೆಯಿಂದ
ಒಂದೇ ಒಂಟೆ ಏರಿ ಹೊರಟವರು,
ಕೆಲವರು ಇಲ್ಲಿ ಇಳಿದಿದ್ದರು, ಕೆಲವರು ನಮ್ಮಲ್ಲಿ.

ಆಗ ಅಜ್ಜ ಎರಡೂ ಕೈ ಎತ್ತಿ ಹಿಡಿದ,
ಮೊಣಗಂಟಿನವರೆಗೆ ನೀಲಿ, ಉಗುರಿನ ಬುಡ ಕಪ್ಪು.
ಹುನರ್, ಅಂದ.

ನಗು ಬಂತು. ಆಮೇಲೆ ಬರಲಿಲ್ಲ.
ಮೂವತ್ತೊಂದು ವರ್ಷ ಪತ್ರಿಕೆಯಲ್ಲಿ ರಾತ್ರಿಪಾಳಿ ಮಾಡಿದವಳು ನಾನು.
ನನ್ನ ಮೇಜಿಗೆ ಆ ಪದ ಬಂದದ್ದೆಲ್ಲ ಒಂದೇ ವೇಷದಲ್ಲಿ:
ಸರ್ಕಾರ ಉರುಳಿಸಲು ಹುನ್ನಾರ,
ಗೋಮಾಳ ನುಂಗಲು ಹುನ್ನಾರ,
ಆರೋಪ, ಅಲ್ಲಗಳೆತ, ಮತ್ತೆ ಹುನ್ನಾರ.
ಎರಡು ಕಾಲಮ್ಮಿಗೆ ಸರಿಯಾಗಿ ಕೂರುತ್ತಿತ್ತು,
ಚಿಕ್ಕದು, ಕಚ್ಚುವಂಥದ್ದು.
ಅದಕ್ಕೊಂದು ಜೊತೆ ಕೈಗಳಿದ್ದವೆಂದು
ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.
ಯಾವ ಕಣಿವೆ ಇಳಿಯುವಾಗ, ಯಾವ ದರ್ಬಾರಿನಲ್ಲಿ
ಅದರ ಬಣ್ಣ ಒಸರಿತೋ.

ನಿಮ್ಮಲ್ಲೂ ಇದೆಯಾ? ಹುಲ್ಕರ್ ಕೇಳಿದಳು.
ಇದೆ.
ಅರ್ಥ?
ಅಜ್ಜ ಕಾಯುತ್ತಿದ್ದ, ಇದ್ದಿಲ ತುಂಡು ಬೆರಳಲ್ಲೇ.
ಕೆಲಸ ಬಲ್ಲವರ ಕೈ, ಅಂದೆ.
ಹೀಗೆ ಒಂದು ಸುದ್ದಿಯನ್ನು ತಿದ್ದಿದ್ದು
ಬದುಕಿನಲ್ಲಿ ಇದೇ ಮೊದಲೇನಲ್ಲ.

ತಾಷ್ಕೆಂಟಿನ ಹೋಟೆಲಿನಲ್ಲಿ ಜೊತೆಯವರು ಸಿಕ್ಕರು,
ಒಬ್ಬೊಬ್ಬರ ಬಳಿ ಮುನ್ನೂರು ಗುಮ್ಮಟ.
ನೀನೇನು ನೋಡಿದೆ?
ಹೊಟ್ಟೆ ಸರಿಹೋಯಿತು, ಅಂದೆ.

ಎಲ್ಲರೂ ಮಲಗಿದ ಮೇಲೆ
ಕೊಂಡು ತಂದಿದ್ದ ಒಂದೂವರೆ ಗಜವನ್ನು
ಬೇಸಿನ್ನಿನಲ್ಲಿ ಅದ್ದಿದೆ, ಬಣ್ಣ ನಿಲ್ಲುವುದೋ ನೋಡೋಣವೆಂದು.
ನೀರು ಸ್ವಲ್ಪ ಹಳದಿಯಾಯಿತು,
ಬೆಳಗಿನ ಕಷಾಯದ ವಾಸನೆ.
ಬಿರಟೆ ತೆಗೆಯಲು ಕೈ ಬರದೆ
ಅಲ್ಲೇ ಸ್ಟೂಲು ಎಳೆದುಕೊಂಡು ಕೂತೆ.