ತೆಳು ಅಟ್ಟೆ

ಡಬ್ಬಿಯಿಂದ ತೆಗೆದು ಬೂಟು ಕೈಗಿಟ್ಟೆ.
ಅಪ್ಪ ಕನ್ನಡಕ ಹಣೆಗೇರಿಸಿ
ಮೊದಲು ಮೂಸಿದ. ಆಮೇಲೆ ಮಡಚಿದ,
ಬಿಸಿ ರೊಟ್ಟಿಯ ಹಾಗೆ, ತುದಿಗೆ ತುದಿ ತಾಗಿಸಿ.
ಹೆಬ್ಬೆರಳಲ್ಲಿ ಅಟ್ಟೆ ಒತ್ತಿ
"ನಾಕು ಮಿಲಿಮೀಟರು" ಅಂದ, ಅಳತೆಪಟ್ಟಿ ಮುಟ್ಟದೆ.
"ಆರು ಸಾವಿರ ಕೊಟ್ಟು
ಬರಿಗಾಲು ಕೊಂಡ್ಕೊಂಡು ಬಂದೀಯಲ್ಲ ಯವ್ವಾ."

ನಗುತ್ತಲೇ ಅಂದ. ಆಮೇಲೆ ನಗಲಿಲ್ಲ.
ನನ್ನಜ್ಜ ತಾನೇ ಹೊಲಿದ ಚಪ್ಪಲಿಯನ್ನು
ಕಂಕುಳಲ್ಲಿ ಅವುಚಿಕೊಂಡು
ದೇಸಾಯರ ಓಣಿ ದಾಟುತ್ತಿದ್ದನಂತೆ.
ಅದೇ ಓಣಿಯ ಕಾಲಿಗೆ ಅಪ್ಪ ಹೊಲಿದದ್ದು ಐದು ಪದರದ್ದು;
ಪದರದ ನಡುವೆ ಒಂದು ಬೀಜ, ಹೆಜ್ಜೆಗೊಮ್ಮೆ ಕರ್ರ್ ಅನ್ನಲು,
ಬರುವವನು ಮೂರು ಮನೆ ಮೊದಲೇ ಕೇಳಿಸಲು.
ನನ್ನ ಬೂಟಿಗೆ ಸದ್ದೇ ಇಲ್ಲ.

ಇಲ್ಲ ಅಂದುಕೊಂಡಿದ್ದೆ.
ಮೊದಲ ತಿಂಗಳು ಮೀನಖಂಡ ಕಲ್ಲಾಗಿ,
ದವಾಖಾನೆಯ ಲ್ಯಾಬಿನಲ್ಲಿ ಮೇಲಿನ ಹಲಗೆಯ ಶೀಶೆಗೆ
ತುದಿಗಾಲಲ್ಲಿ ನಿಂತರೆ ಕಣ್ಣಲ್ಲಿ ನೀರು.
ಸಂಜೆ ಓಡಿ ಮನೆಗೆ ಬಂದರೆ
ಅಪ್ಪ ಆರಿಗೆ ಮೇಣ ತೀಡುತ್ತ, ತಲೆ ಎತ್ತದೆ:
"ಆ ತಿರುವಿನಾಗಿಂದ ಕೇಳಾಕತ್ತೀನಿ, ಧಪ್ ಧಪ್.
ನೆಲ ಬಡೀಬ್ಯಾಡ. ಮುಟ್ಟು, ಬಿಡು.
ಕಾದ ಹಂಚು ಮುಟ್ಟಿದಂಗ."
ಬಸ್ಸು ತಪ್ಪಿದಾಗಲೂ ಓಡದ ಮನುಷ್ಯ.

ಫೆಬ್ರುವರಿಯ ಕೊನೆಯ ರವಿವಾರ, ನಸುಕು.
ಅಥಣಿಯಿಂದ ಕೃಷ್ಣೆಯ ಸೇತುವೆ, ತಿರುಗಿ ಅಥಣಿ,
ಮೂವತ್ತು ಕಿಲೋಮೀಟರು.
ಸಾಂಗಲಿಯಿಂದ ಬಂದವನೊಬ್ಬ, ಅವನ ಬೂಟಿಗೆ
ಹಾಸಿಗೆಯಷ್ಟು ದಪ್ಪದ ತಳ, ನನ್ನ ಕಾಲು ನೋಡಿ ಕೇಳಿದ:
"ಅಕ್ಕಾ, ಬೂಟು ಮನ್ಯಾಗ ಮರ್ತು ಬಂದ್ರೇನು?"

ಊರು ದಾಟಿದ ಮೇಲೆ ಕತ್ತಲಲ್ಲಿ ಕಾಲೇ ಓದಿತು:
ಇದು ಹೊಸ ಡಾಂಬರು, ಇದು ಹಳೆಯದು,
ಇಲ್ಲಿ ಗುತ್ತಿಗೆದಾರ ಉಂಡಿದ್ದಾನೆ,
ಇದು ಟ್ರ್ಯಾಕ್ಟರಿನಿಂದ ಬಿದ್ದು ಜಜ್ಜಿದ ಕಬ್ಬು, ಇನ್ನೂ ಅಂಟು,
ಇದು ಇಬ್ಬನಿ.
ಹಲ್ಯಾಳದ ನಾಯಿ ಅರ್ಧ ಫರ್ಲಾಂಗು ಜೊತೆಗೆ ಓಡಿತು,
ನನ್ನ ಹಾಗೆಯೇ, ಮುಂಗಾಲ ಮೇಲೆ.

ಸೇತುವೆಯ ಮೇಲೆ ಹಿಂದಿನಿಂದ ಲಾರಿ ಬಂತು.
ಅದರ ದೀಪಕ್ಕಿಂತ ಮೊದಲು
ಅದರ ನಡುಕ ಅಂಗಾಲಿಗೆ ಬಂತು.
ಕೆಳಗೆ ನೀರು ಕಡಿಮೆ, ಮಂಜು ಜಾಸ್ತಿ.
ಎದುರಿಗೆ ಬರುತ್ತಿದ್ದ ಸಾಂಗಲಿಯವನನ್ನು ಕೂಗಿ ಕೇಳಿದೆ:
"ಸೇತುವೆ ನಡುಗಿತು, ಗೊತ್ತಾತೇನು?"
ಅವನು ಗಡಿಯಾರ ನೋಡಿಕೊಂಡು ಹೋದ.

ಜಂಬ ಅಲ್ಲಿಗೇ ಮುಗಿಯಿತು.
ಇಪ್ಪತ್ಮೂರನೆಯ ಕಿಲೋಮೀಟರಿನಲ್ಲಿ ಒಂದು ಜಲ್ಲಿಕಲ್ಲು
ಎಡಗಾಲ ಕಿರುಬೆರಳ ಬುಡಕ್ಕೆ ಸರಿಯಾಗಿ.
ನಾಲ್ಕು ಮಿಲಿಮೀಟರು ಎಂದರೆ ಎಷ್ಟು
ಎಂದು ಆಗ ತಿಳಿಯಿತು.
ಕುಂಟಿದೆ. ಕಬ್ಬಿನ ಹಾಲಿನ ಅಂಗಡಿಯವರೆಗೆ ನಡೆದೆ.
ದಪ್ಪ ತಳದವರು ಒಬ್ಬೊಬ್ಬರಾಗಿ ದಾಟಿದರು.
ಮತ್ತೆ ಓಡಿದೆ, ಅದನ್ನು ಓಟ ಎನ್ನುವುದಾದರೆ.

ಮೂರು ತಾಸು ನಲವತ್ತೆಂಟು ನಿಮಿಷ.
ಹೆಂಗಸರಲ್ಲಿ ಹನ್ನೊಂದನೆಯವಳು;
ಓಡಿದವರು ಹದಿಮೂರು.

ಅಪ್ಪ ಪದಕ ಕೇಳಲಿಲ್ಲ, ಬೂಟು ಕೇಳಿದ.
ಬೆಳಕಿಗೆ ಹಿಡಿದು, ತಳ ಮೇಲೆ ಮಾಡಿ,
ಉಗುರಿನಿಂದ ಕೆರೆದು ಹೇಳಿದ:
"ಹೋಗೂತನಕ ಚಂದ ಓಡೀದಿ.
ಬರೂಮುಂದ ಎಡಗಾಲು ಎಳದೀದಿ.
ಎಲ್ಲೋ ಒಂದು ಕಡೆ ನಡದೀದಿ ಸುದ್ದಾ."

ಆಮೇಲೆ ಆ ಉದ್ದನೆಯ ವಹಿ ತೆಗೆದ.
ಪುಟಪುಟದಲ್ಲೂ ಪೆನ್ಸಿಲಿನ ಪಾದಗಳು:
ತಾಲೀಮಿನ ಪೈಲವಾನನದು, ಪೋಸ್ಟ್ ಮಾಸ್ತರರದು,
ಆರು ಬೆರಳಿನ ಒಬ್ಬ ಮದುಮಗನದು,
ನನ್ನವು, ಮೂರು ವರ್ಷದಿಂದ ಹದಿನೇಳರವರೆಗೆ.
ಅಲ್ಲಿಂದಾಚೆ ನಾನು ಪೇಟೆಯ ಬೂಟಿನವಳು.
"ನಿಲ್ಲು" ಅಂದ. ಹದಿನೇಳರ ಪಾದದ ಮೇಲೇ ನಿಲ್ಲಿಸಿ
ಸುತ್ತ ಗೀಚಿದ. ಬೆರಳ ಸಂದಿಯಲ್ಲಿ
ಪೆನ್ಸಿಲು ಕಚಗುಳಿ ಇಟ್ಟಿತು, ಗುಳ್ಳೆ ಉರಿಯಿತು.

ಕಾಲು ತೆಗೆದರೆ ಹೊಸ ಗೆರೆ ಹಳೆಯದರ ಹೊರಗೆ,
ಕಿರುಬೆರಳ ಮಗ್ಗುಲಲ್ಲಿ, ಒಂದು ಜೋಳದ ಕಾಳಿನಷ್ಟು.
"ಬೆರಳು ಬಿಚ್ಚಿಕೊಂಡಾವ" ಅಂದ.
ತಾರೀಖು ಬರೆದ. ಮುಂಗಡದ ಮನೆ ಖಾಲಿ ಬಿಟ್ಟ.
ಮೂಲೆಯಿಂದ ಒಂದು ತೊಗಲಿನ ತುಂಡು ಎಳೆದು
ರಾಂಪಿ ಮಸೆಯುತ್ತ ಕೇಳಿದ:
"ಎಷ್ಟು ಅಂದಿ ಅದು, ನಾಕ?
ಮೂರಕ್ಕ ತರ್ತೀನಿ."