ಇಲ್ಲಿಯವರೆಗೆ ಇದ್ದಾನೆ

ಡಿಸೆಂಬರಿನ ಗ್ರಿಮ್ಸ್‌ಬಿಯಲ್ಲಿ ಮೂರೂವರೆಗೆಲ್ಲ
ಬೆಳಕು ಅಂಗಡಿ ಮುಚ್ಚುತ್ತದೆ.
ಕೆಳಗಿನ ಮನೆಯ ಜಾನಿಸ್‌ಗೆ ಮೀನಿನ ಕಾರ್ಖಾನೆಯಲ್ಲಿ ಎರಡು ಪಾಳಿ;
ಅವಳ ಮಗ ರೋರಿ, ಹತ್ತು ವರ್ಷ,
ನನ್ನ ಜೊತೆ ಸಿನಿಮಾಕ್ಕೆ.
ನಿಜ ಹೇಳಬೇಕೆಂದರೆ, ಅವನ ಜೊತೆ ನಾನು.

ಐದು ಸಂಪುಟ, ಒಂದೊಂದೂ ಇಟ್ಟಿಗೆ ದಪ್ಪ.
ಅವನು ನಾಲ್ಕು ಸಲ ಓದಿದ್ದಾನೆ,
ನಾನು ಬೆನ್ನಿನ ಮೇಲಿನ ಹೆಸರನ್ನೂ ಪೂರ್ತಿ ಓದಿಲ್ಲ.
"ಅವರಿಗೆ ಏನೂ ಹೇಳಿಬಿಡಬೇಡ" – ಅಮ್ಮನ ತಾಕೀತು.
ಆಗಲಿ ಎಂದು ಬಾಯಿ ತುಂಬ ಪಾಪ್‌ಕಾರ್ನ್ ತುರುಕಿಕೊಂಡ,
ಅಣೆಕಟ್ಟಿನ ಗೇಟು ಇಳಿಸಿದ ಹಾಗೆ.

ಕತ್ತಲೆ. ಆಮೇಲೆ ಮಂಜು. ಆಮೇಲೆ
ಒಂದೇ ಥರದ ಗಡ್ಡದ ಮೂವರು ರಾಜರು.
ಯಾರು ಯಾರಿಗೆ ಚಿಕ್ಕಪ್ಪ,
ಮಾತಾಡುವ ಕಾಗೆ ಯಾರ ಕಡೆಯದು –
ಹೆಸರುಗಳೋ, ಗಂಟಲಲ್ಲಿ ಮುಳ್ಳು ಸಿಕ್ಕವರು ಇಟ್ಟವು.
ಎಲ್ಲರೂ ನಕ್ಕಾಗ ಒಂದು ಉಸಿರು ತಡವಾಗಿ ನಕ್ಕೆ.
ಮುಂದಿನ ಸಾಲಿನಲ್ಲಿ ಬೂದು ಮೇಲಂಗಿ ತೊಟ್ಟು ಬಂದ ಹುಡುಗಿಯರು
"ಛೆ, ಇದು ಹೀಗಿರಲಿಲ್ಲ" ಎಂದು ಪಿಸುಗುಟ್ಟಿದರು.
ನನಗೆ ಇದ್ದದ್ದೇ ಹೀಗೆ.

ನಮ್ಮ ಕಡೆ ಬಯಲಾಟಕ್ಕೆ ಕಂಬಳಿ ಹಾಸಿ ಕೂತರೆ
ಕಥೆ ಗೊತ್ತಿಲ್ಲದವರು ತೊಟ್ಟಿಲ ಕೂಸುಗಳು ಮಾತ್ರ.
ಯಾರು ಸಾಯುತ್ತಾನೆ, ಯಾರ ಕೈಯಲ್ಲಿ, ಯಾವ ಜಾವಕ್ಕೆ,
ಶೇಂಗಾ ಮಾರುವವನಿಗೂ ಗೊತ್ತು:
ಆ ಸಾವಿಗೆ ಮೊದಲೇ ಬುಟ್ಟಿ ಖಾಲಿ ಮಾಡಿಕೊಳ್ಳುತ್ತಿದ್ದ.
ನಲವತ್ತಾರನೆಯ ವಯಸ್ಸಿನಲ್ಲಿ
ಮೊದಲ ಸಲ ಕೂತಿದ್ದೇನೆ ತೊಟ್ಟಿಲ ಕೂಸಾಗಿ.

ಅಂಬಿಗ ಬಂದ.
ಸಿನಿಮಾದಲ್ಲಿ ಅವನಿಗೆ ಹೆಸರಿಲ್ಲ.
ಹರಿದ ಅಂಗಿ, ಬಲಗಿವಿ ಮಂದ,
ಹುಟ್ಟಿಗೆ ಸುತ್ತಿದ ಒಂದು ನೀಲಿ ಚಿಂದಿ.
ಆಚೆ ದಡ ಮುಟ್ಟಿಸಿದ್ದಕ್ಕೆ ದುಡ್ಡು ಬೇಡವೆಂದು
ರಾಜಕುಮಾರಿಯ ಹತ್ತಿರ ಒಂದು ಈರುಳ್ಳಿ ಕೇಳಿದ.
ಆಗ ಚಿತ್ರಮಂದಿರದಲ್ಲಿ ಏನೋ ಆಯಿತು.
ಪಾಪ್‌ಕಾರ್ನ್ ಸದ್ದು ನಿಂತಿತು.
ಮುಂದಿನ ಸಾಲಿನ ಒಬ್ಬಳು ಮೂಗು ಒರೆಸಿಕೊಂಡಳು –
ಈರುಳ್ಳಿಗೆ? ನಾನಿನ್ನೂ ನಗುತ್ತಿದ್ದೆ.
ರೋರಿ ನನ್ನ ಕೋಟಿನ ತೋಳು ಹಿಡಿದ. ಬಿಡಲಿಲ್ಲ.

ಇಪ್ಪತ್ತು ನಿಮಿಷ.
ಇನ್ನೂರು ಜನರ ಆ ಕತ್ತಲಲ್ಲಿ ಅವನು
ನನ್ನೊಬ್ಬಳ ಲೆಕ್ಕದಲ್ಲಿ ಬದುಕಿದ್ದ.
ಈರುಳ್ಳಿಯನ್ನು ಬುತ್ತಿಗೆ ಕಟ್ಟಿಕೊಂಡ, ಏನೋ ಗುನುಗಿದ;
ಮುಂದಿನ ಭಾಗದಲ್ಲೂ ಇರುತ್ತಾನೆ ಅಂದುಕೊಂಡೆ.
ಬಾಣ ಬಂದದ್ದು ಮಂದಗಿವಿಯ ಕಡೆಯಿಂದ.

"ಅಯ್ಯೋ ಶಿವನೇ, ಇವನನ್ಯಾಕ!" –
ನನ್ನ ಬಾಯಿಂದ ಕನ್ನಡ ಹೊರಬಿತ್ತು.
ತಿರುಗಿದರೆ, ರೋರಿ ಪರದೆ ನೋಡುತ್ತಿರಲಿಲ್ಲ.
ನನ್ನ ಮುಖ ನೋಡುತ್ತಿದ್ದ,
ತಾನು ಎಂದೋ ಕಳೆದುಕೊಂಡದ್ದು
ಅಲ್ಲಿ ಬಿದ್ದಿದೆಯೇನೋ ಎಂಬಂತೆ.

ಹೊರಗೆ ಗಾಳಿಯಲ್ಲಿ ಉಪ್ಪು, ಹೊಗೆ ಹಾಕಿದ ಮೀನು.
ಬಸ್ಸಿಗೆ ಕಾಯುತ್ತ ಕೇಳಿದ:
"ಬದುಕುತ್ತಾನೆ ಅಂದುಕೊಂಡಿದ್ದಿರಾ? ನಿಜವಾಗಿ?"
ಹೌದು.
"ಎಷ್ಟು ಹೊತ್ತು?"
ಕೊನೇತನಕ.
ಪುಣ್ಯವಂತರು ಎನ್ನುವ ಅರ್ಥದ್ದೇನೋ ಗೊಣಗಿ
ಮೂಗನ್ನು ಮಫ್ಲರಿನೊಳಗೆ ಹುದುಗಿಸಿದ.

ಭಾನುವಾರ ಬಾಗಿಲು ಬಡಿದು ಎರಡನೆಯ ಸಂಪುಟ ಕೊಟ್ಟ,
ಲೈಬ್ರರಿಯದು, ನಡುವೆ ನಿನ್ನೆಯ ಬಸ್ ಟಿಕೆಟ್ಟು.
"ಇಲ್ಲಿಯವರೆಗೆ ಇದ್ದಾನೆ. ಹೆಸರೂ ಇದೆ.
ಬೇಕಾದರೆ ಇಲ್ಲೇ ನಿಲ್ಲಿಸಿ."

ಟಿಕೆಟ್ಟು ಇರುವುದು ಇನ್ನೂರ ಹನ್ನೆರಡನೆಯ ಪುಟದಲ್ಲಿ.
ರಾತ್ರಿ ಪಾಳಿಯ ಚಹಾದ ಹೊತ್ತಿನಲ್ಲಿ ಓದುತ್ತ
ನೂರ ತೊಂಬತ್ತಕ್ಕೆ ಬಂದಿದ್ದೇನೆ.
ಇಲ್ಲಿ ಅವನು ಕೇಳುವುದು ಈರುಳ್ಳಿಯಲ್ಲ, ಉಪ್ಪು.
ಗುರುವಾರ ವಾಪಸು ಕೊಡಬೇಕು.