ಅಡವಿಗೆ ಬಂದ ಮರ

ನಾಲ್ಕು ಸಾವಿರದ ಇನ್ನೂರ ಅರವತ್ತು ರೂಪಾಯಿ ಬಾಕಿಗೆ
ಗಿಟಾರು ಇಟ್ಟು ಹೋದ ವಲೇರಿಯನ್ ಕ್ರಾಸ್ತ,
ಉಪ್ಪಳದ ನನ್ನ ಮದ್ದಿನಂಗಡಿಯ ಗಾಜಿನ ಮೇಲೆ,
ಅವನಮ್ಮನ ಇನ್ಸುಲಿನ್ ಚೀಟಿಯ ಪಕ್ಕ.
'ಒಂದು ತಿಂಗಳು ಅಕ್ಕ. ಬರದಿದ್ದರೆ ಮಾರಿ.
ಗೋಡೆಗೆ ಮಾತ್ರ ಒರಗಿಸಬೇಡಿ, ಅದಕ್ಕೆ ಥಂಡಿ ಆಗುವುದಿಲ್ಲ.'

ಥಂಡಿ ಆಗದವರನ್ನು ದಿನಕ್ಕೆ ನಲವತ್ತು ಮಂದಿ ನೋಡುವವಳು ನಾನು.
ಸೀರೆಗಳನ್ನು ತೆಗೆದು ಕಪಾಟಿನಲ್ಲಿ ಮಲಗಿಸಿದೆ.
'ಅಡವಿಯಲ್ಲಿ ಇದ್ದದ್ದು ಅಡವಿಗೆ ಬಂತು' ಎಂದು ನಕ್ಕರು ಇವರು.

ಆಟಿ ಹಿಡಿಯಿತು.
ಇಲ್ಲಿ ಆಟಿ ಎಂದರೆ ಮಳೆಯಲ್ಲ, ಮಳೆ ನಿಂತ ಮೇಲೂ ನಿಲ್ಲದ್ದು:
ಉಪ್ಪು ಭರಣಿಯಲ್ಲಿ ನೀರು,
ಹತ್ತು ಕಡ್ಡಿ ಗೀರಿದರೆ ಒಂದು ಕಿಡಿ,
ಬಚ್ಚಲ ಬಾಗಿಲಿಗೆ ಭುಜ ಕೊಟ್ಟು ದೂಡಬೇಕು.
ಒಂದು ಬೆಳಿಗ್ಗೆ ನೋಡಿದರೆ ಗಿಟಾರಿನ ಹೊಟ್ಟೆ ಉಬ್ಬಿದೆ,
ತಂತಿಗಳು ಹಲಗೆ ಬಿಟ್ಟು ಎದ್ದು ನಿಂತಿವೆ,
ಕತ್ತಿನ ಬುಡದಲ್ಲಿ ಬೂದು ಬೂಸಲು.

ಮಾತ್ರೆ ಡಬ್ಬಿಗಳ ತಳದಲ್ಲಿ ಸಣ್ಣ ಪುಡಿಕೆ ಇರುತ್ತದಲ್ಲ,
ತಿನ್ನಬಾರದು ಎಂದು ಬರೆದದ್ದು,
ಹದಿನೆಂಟು ವರ್ಷ ಬಿಸಾಡಿದ್ದೆ. ಈಗ ಕೂಡಿಟ್ಟೆ.
ಮಂಗಳೂರಿನ ಲ್ಯಾಬ್ ಸಾಮಾನಿನವನಿಂದ ನೀಲಿ ಹರಳು ತರಿಸಿದೆ:
ನೀರು ಕುಡಿದರೆ ಗುಲಾಬಿ,
ಹಳೇ ಕಾವಲಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ.
ಗಾಳಿಯ ತೇವ ಹೇಳುವ ಒಂದು ಮಾಪಕವೂ ಬಂತು, ಗಡಿಯಾರದಂಥದ್ದು.
ಎಂಬತ್ತಾರು ಎಂದಿತು.
ಮರಕ್ಕೆ ಐವತ್ತು ಚಿಲ್ಲರೆ ಸಾಕಂತೆ.

'ಹಪ್ಪಳ ಚರ್ಮದ ಹಾಗೆ ಆಗಿದೆ, ನನ್ನ ಮೊಣಕಾಲು ಹಿಡಿದಿದೆ,
ಈ ಮನೆಯಲ್ಲಿ ಯಾರದ್ದೋ ಹಲಗೆಗೆ ಮಾತ್ರ ಹವೆ ಅಳೆದು ಕೊಡುವುದು.'
ಇವರು ಹೇಳಿದ್ದು ಸುಳ್ಳಲ್ಲ.

ನನಗೆ ಹುಚ್ಚು ಹಿಡಿದಿತ್ತು.
ಕಪಾಟಿನೊಳಗೆ ಸೊನ್ನೆ ಬಲ್ಬು ಉರಿಸಿದೆ. ಹರಳು ಇನ್ನೊಂದು ಕಿಲೋ.
ಎಪ್ಪತ್ತು. ಅರವತ್ತು. ಐವತ್ತೈದು.
ಮಳೆ ಹೋಯಿತು, ಬಲ್ಬು ಆರಿಸಲಿಲ್ಲ.
ಜನವರಿಯಲ್ಲಿ ಅಣ್ಣನ ಮಗಳ ಮದುವೆ ಮುಗಿಸಿ ಐದು ದಿನ ಬಿಟ್ಟು ಬಂದರೆ
ಮುಳ್ಳು ಇಪ್ಪತ್ತೊಂಬತ್ತರಲ್ಲಿ,
ಎದೆಹಲಗೆಯಲ್ಲಿ ಬಿರುಕು,
ಉಗುರಿಗೆ ಸಿಕ್ಕುವಷ್ಟು, ಕಣ್ಣಿಗಲ್ಲ.

ಮದ್ದು ಹೆಚ್ಚಾದದ್ದು.
ಬೇಗ ಗುಣವಾಗಲೆಂದು ಎರಡೆರಡು ನುಂಗಬೇಡಿ
ಎಂದು ಇಡೀ ಊರಿಗೆ ಹೇಳುವವಳು ನಾನೇ.

ಐತಪ್ಪ ಆಚಾರಿ ಮದ್ದಳೆಗೆ ಹಲಸು ಕೊರೆಯುವವರು,
ಗಿಟಾರು ಮುಟ್ಟಿದವರಲ್ಲ. ಬೆರಳಲ್ಲಿ ತಟ್ಟಿ ಕಿವಿ ಇಟ್ಟರು.
'ಕಡಿದರೆ ಮರ ಬೆಳೆಯುವುದು ಬಿಡುತ್ತದೆ ತಂಗೀ,
ಕುಡಿಯುವುದು ಬಿಡುವುದಿಲ್ಲ.'
ಸಾಬೂನು ಡಬ್ಬಿಗೆ ತೂತು ಹೊಡೆದು
ಒದ್ದೆ ಸ್ಪಂಜು ತುಂಬಿಸಿ ಗಿಟಾರಿನ ಒಳಗಿಡಲು ಹೇಳಿದರು.
ಆರು ತಿಂಗಳು ನೀರು ಹಿಂಡಿದವಳು
ಚಮಚದಲ್ಲಿ ನೀರು ಕೊಟ್ಟೆ.
ಆರನೇ ದಿನ ಬಿರುಕು ತುಟಿ ಕೂಡಿಸಿತು. ಒಳಗಿಂದ ಅಂಟು ಸವರಿದರು.

ನುಡಿಸಲು ನನಗೆ ಬರುವುದಿಲ್ಲ. ಕಲಿಯಲೂ ಇಲ್ಲ.
ರಾತ್ರಿ ಗೂಡ್ಸು ರೈಲು ಹೋಗುವಾಗ
ಕಪಾಟಿನ ಕತ್ತಲಲ್ಲಿ ದಪ್ಪ ತಂತಿ
ತಾನಾಗಿ ಒಮ್ಮೆ ಹೂಂ ಅನ್ನುವುದು.
ಅಷ್ಟಕ್ಕೆ ಎಚ್ಚರವಿರುತ್ತಿದ್ದೆ.

ವಲೇರಿಯನ್ ಬಂದದ್ದು ಎರಡನೇ ಆಟಿ ಕಳೆದು.
ಹಣ ಎಣಿಸಿ ಇಟ್ಟ. ಅಮ್ಮ ಹೇಗಿದ್ದಾರೆ ಅಂದೆ.
'ಈಗ ಮದ್ದು ಬೇಡ ಅಕ್ಕ.'
ಬೆಂಚಿನಲ್ಲಿ ಕೂತು ಕಿವಿ ತಿರುವಿದ, ಒಮ್ಮೆ ಮೀಟಿದ,
ಕೆಮ್ಮಿನ ಸಿರಪ್ಪಿಗೆ ನಿಂತವರು ಕೆಮ್ಮಲಿಲ್ಲ.
ಹೆಬ್ಬೆರಳು ಎದೆಹಲಗೆಯ ಮೇಲೆ ಹೋಗಿ ನಿಂತಿತು.
'ಇದು?'
'ನಾನು ಮಾಡಿದ್ದು' ಎಂದೆ.

ಮಾತ್ರೆ ಕವರಿನ ಮೇಲೆ ಬರೆದುಕೊಟ್ಟೆ:
ಪಡು ಗೋಡೆ ಬೇಡ. ನುಡಿಸಿದ ಮೇಲೆ ಪೆಟ್ಟಿಗೆಗೆ.
ಪುಡಿಕೆ ಎರಡು, ಹದಿನೈದು ದಿನಕ್ಕೊಮ್ಮೆ. ಹೆಚ್ಚು ಬೇಡ.
ಹೆಚ್ಚು ಬೇಡ ಎಂಬುದರ ಅಡಿಗೆ ಎರಡು ಗೆರೆ.

ಕಪಾಟಿನಲ್ಲಿ ಮಾಪಕ ಈಗಲೂ ಐವತ್ತೆರಡು ಎನ್ನುತ್ತದೆ, ಯಾರಿಗೋ.
ಸೀರೆ ವಾಪಸು ಇಡಲು ಮನಸ್ಸಾಗಲಿಲ್ಲ.
ಹಪ್ಪಳದ ಡಬ್ಬಿ ಇಟ್ಟಿದ್ದೇನೆ.
ನಿನ್ನೆ ಇವರು ಕರಿದದ್ದನ್ನು ಮುರಿದು 'ಗರಿಗರಿ ಉಂಟು' ಎಂದರು.
ನಾನು ಆ ಸದ್ದು ಕೇಳುತ್ತಿದ್ದೆ.